3.15 ಗ್ರಾಂ ಎಲ್ಲಿಂದ ಬಂತು? ಒಂದು ದ್ರಾವಣ ತಯಾರಿಸುತ್ತ ಕಲಿಯುವ ರಸಾಯನಶಾಸ್ತ್ರ

ಪ್ರಥಮ ಪಿಯುಸಿಯ ಪ್ರಯೋಗಾಲಯದಲ್ಲಿ ತಪ್ಪದೆ ಎದುರಾಗುವ ಪ್ರಯೋಗ ಒಂದಿದೆ: 0.1 ಮೋಲಾರ್ ಆಕ್ಸಾಲಿಕ್ ಆಮ್ಲದ ದ್ರಾವಣವನ್ನು 250 ಮಿ.ಲೀ. ತಯಾರಿಸಿ, ಅದರ ನೆರವಿನಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಪ್ರಬಲತೆ (ಒಂದು ಲೀಟರಿನಲ್ಲಿ ಎಷ್ಟು ಕರಗಿದೆ ಎಂಬುದು, ಅದರ ಮಾನವೇ ಮೋಲಾರ್) ಕಂಡುಹಿಡಿಯಿರಿ. ಬಹಳ ಮಂದಿ ‘3.15 ಗ್ರಾಂ’ ಎಂಬ ಅಂಕಿಯನ್ನು ಹಿಂದಿನ ವರ್ಷದವರ ರೆಕಾರ್ಡಿನಿಂದ ಇಳಿಸಿಕೊಂಡು, ತೂಗಿ, ಕಲಸಿ, ಮುಗಿಸುತ್ತಾರೆ. ಪರಮಾಣು, ಆವರ್ತಕ ಕೋಷ್ಟಕ, ಮೋಲ್, ಅಳತೆ ಎಲ್ಲವೂ ಆ ಒಂದು ಅಂಕಿಯೊಳಗೇ ಇವೆ. ಅದನ್ನು ಬಿಡಿಸಿ ನೋಡೋಣ. ಆಮೇಲೆ, ಅದು ಬಾಟಲಿಯಿಂದ ಬ್ಯುರೆಟ್‌ವರೆಗೆ (ದ್ರಾವಣವನ್ನು ಅಳೆದು ಬಿಡುವ, ನಲ್ಲಿಯುಳ್ಳ ಗಾಜಿನ ಕೊಳವೆ) ಹೋಗುವಾಗ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದನ್ನೂ.

ಮೊದಲು ಬಾಟಲಿಯ ಚೀಟಿ ಓದಿ

ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಚೀಟಿಯಲ್ಲಿ ನಾಲ್ಕು ವಿಷಯ ನೋಡಿ, ಅಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಿ.

ಹೆಸರಿನ ಕೊನೆಯಲ್ಲಿ ‘ಡೈಹೈಡ್ರೇಟ್’ ಎಂದಿದೆಯೇ? ಕಾಲೇಜುಗಳಲ್ಲಿ ಸಿಗುವ ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ಪ್ರತಿ ಅಣುವಿನ ಜೊತೆ ಎರಡು ನೀರಿನ ಅಣುಗಳು ಕೂತಿರುತ್ತವೆ. ಹರಳು ಒಣಗಿದಂತೆ ಕಂಡರೂ ಅದರ ತೂಕದಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ನೀರೇ. ಎರಡನೆಯದು ಅಣುತೂಕ, 126.07 ಎಂದು ಅಚ್ಚಾಗಿದ್ದರೆ ಅದು ನೀರು ಸೇರಿದ ಲೆಕ್ಕ, 90.03 ಎಂದಿದ್ದರೆ ನೀರಿಲ್ಲದ್ದು. ಮೂರನೆಯದು ಶುದ್ಧತೆ, ಶೇಕಡಾ ಲೆಕ್ಕದಲ್ಲಿ. ನಾಲ್ಕನೆಯದು ದರ್ಜೆ: ಎ.ಆರ್. ಎಂದರೆ ವಿಶ್ಲೇಷಣೆಗೆ ತಕ್ಕ ಶುದ್ಧಿ, ಎಲ್.ಆರ್. ಎಂದರೆ ಸಾಮಾನ್ಯ ಬಳಕೆಗೆ.

ಹರಳು ಪುಡಿ ಪುಡಿಯಾಗಿ, ಸುಣ್ಣದಂತೆ ಮಂಕಾಗಿದ್ದರೆ ಒಳಗಿನ ನೀರು ಹಾರಿಹೋಗಿದೆ ಎಂದರ್ಥ. ಒಣ ಬಿಸಿ ಹವೆಯಲ್ಲಿ ಬಾಟಲಿ ಬಾಯ್ತೆರೆದು ಇಟ್ಟರೆ ಹೀಗಾಗುತ್ತದೆ. ಅಂಥದ್ದನ್ನು ಬಳಸಬೇಡಿ. ‘ತೇವ ಇದ್ದೀತು, ಓವನ್‌ನಲ್ಲಿಟ್ಟು ಒಣಗಿಸೋಣ’ ಎಂಬ ಜಾಣತನ ಇಲ್ಲಿ ಮುಳುವಾಗುತ್ತದೆ. ಪೂರ್ತಿ ನೀರು ಹೋದ ಪುಡಿಯನ್ನು 3.15 ಗ್ರಾಂ ತೂಗಿದರೆ ನಿಮ್ಮ ದ್ರಾವಣ 0.1 ಮೋಲಾರ್ ಅಲ್ಲ, 0.14 ಮೋಲಾರ್ ಆಗಿರುತ್ತದೆ. ತಿರುಗಿ, ನೀರಿರುವ ಹರಳನ್ನು 90 ಎಂಬ ಅಣುತೂಕ ಹಿಡಿದು 2.25 ಗ್ರಾಂ ತೂಗಿದರೆ 0.071 ಮೋಲಾರ್ ಸಿಗುತ್ತದೆ. ಮುಂದೆ ಎಷ್ಟು ಎಚ್ಚರದಿಂದ ಅಳೆದರೂ ಈ ತಪ್ಪು ಸರಿಹೋಗುವುದಿಲ್ಲ.

ಆಕ್ಸಾಲಿಕ್ ಆಮ್ಲ ವಿಷ. ಕೆಸುವಿನ ಎಲೆ ನಾಲಿಗೆ ತುರಿಸುವುದು ಇದೇ ಆಮ್ಲದ ಕ್ಯಾಲ್ಸಿಯಂ ಲವಣದ ಸೂಜಿಯಂಥ ಹರಳುಗಳಿಂದ. ಬಾಟಲಿಯಲ್ಲಿರುವುದಂತೂ ಶುದ್ಧ ಆಮ್ಲ. ಬಾಯಿಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕೈ ತೊಳೆಯದೆ ಊಟದ ಡಬ್ಬಿ ಮುಟ್ಟಬೇಡಿ.

ಹರಳಿನೊಳಗೆ ಏನಿದೆ

ಹರಳನ್ನು ಒಡೆಯುತ್ತ ಹೋದರೆ ಆಕ್ಸಾಲಿಕ್ ಆಮ್ಲವಾಗಿ ಉಳಿಯುವ ಕೊನೆಯ ತುಣುಕು ಅದರ ಅಣು. ಅದರಲ್ಲಿ 2 ಹೈಡ್ರೋಜನ್, 2 ಕಾರ್ಬನ್, 4 ಆಕ್ಸಿಜನ್ ಪರಮಾಣುಗಳಿವೆ. ಜೊತೆಗಿರುವ ಎರಡು ನೀರಿನ ಅಣುಗಳನ್ನೂ ಸೇರಿಸಿದರೆ ಒಟ್ಟು 6 ಹೈಡ್ರೋಜನ್, 2 ಕಾರ್ಬನ್, 6 ಆಕ್ಸಿಜನ್. ಈ ಎಣಿಕೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬೇಗನೆ ಬೇಕಾಗುತ್ತದೆ.

ಪರಮಾಣುವಿನ ನಡುವೆ ಬೀಜ, ಅದರಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್, ಸುತ್ತ ಎಲೆಕ್ಟ್ರಾನ್. ಪ್ರೋಟಾನಿನ ರಾಶಿ 1.673 × 10⁻²⁷ ಕಿ.ಗ್ರಾಂ., ನ್ಯೂಟ್ರಾನಿನದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಎಲೆಕ್ಟ್ರಾನ್ ಪ್ರೋಟಾನಿಗಿಂತ ಸುಮಾರು 1836 ಪಟ್ಟು ಹಗುರ. ಪರಮಾಣುವಿನ ಅಡ್ಡಳತೆ 10⁻¹⁰ ಮೀಟರಿನ ಆಸುಪಾಸು, ಬೀಜದ್ದು 10⁻¹⁵ ಮೀಟರಿನ ಆಸುಪಾಸು. ತೂಕವೆಲ್ಲ ನಡುವಿನ ಬೀಜದಲ್ಲಿ, ವ್ಯವಹಾರವೆಲ್ಲ ಹೊರಗಿನ ಎಲೆಕ್ಟ್ರಾನುಗಳದ್ದು. ತಕ್ಕಡಿಗೆ ಗೊತ್ತಾಗುವುದು ಬೀಜ, ಬೀಕರಿನಲ್ಲಿ ಕ್ರಿಯೆ ನಡೆಸುವುದು ಎಲೆಕ್ಟ್ರಾನ್.

ಯಾವ ಧಾತು ಎಂಬುದನ್ನು ಪ್ರೋಟಾನಿನ ಎಣಿಕೆಯೊಂದೇ ತೀರ್ಮಾನಿಸುತ್ತದೆ. 11 ಪ್ರೋಟಾನ್ ಇದ್ದರೆ ಸೋಡಿಯಂ. ಎಲೆಕ್ಟ್ರಾನ್ ಕಳೆದುಕೊಂಡರೂ, ನ್ಯೂಟ್ರಾನ್ ಹೆಚ್ಚಾದರೂ ಸೋಡಿಯಮ್ಮೇ. ಎಣಿಸುವ ಕ್ರಮ ಹೀಗೆ:

1. ಪರಮಾಣು ಸಂಖ್ಯೆ ಬರೆಯಿರಿ. ಅದೇ ಪ್ರೋಟಾನಿನ ಸಂಖ್ಯೆ. ಸೋಡಿಯಂಗೆ 11.
2. ರಾಶಿ ಸಂಖ್ಯೆಯಿಂದ (ಪ್ರೋಟಾನ್, ನ್ಯೂಟ್ರಾನ್ ಎರಡರ ಒಟ್ಟು ಎಣಿಕೆ) ಅದನ್ನು ಕಳೆಯಿರಿ. 23ರಲ್ಲಿ 11 ಹೋದರೆ 12 ನ್ಯೂಟ್ರಾನ್.
3. ಅಯಾನಿನ (ಆವೇಶ ಹೊತ್ತ ಪರಮಾಣುವಿನ) ಮೇಲೆ ಧನ ಗುರುತಿದ್ದರೆ ಎಲೆಕ್ಟ್ರಾನ್ ಕಳೆಯಿರಿ, ಋಣ ಗುರುತಿದ್ದರೆ ಸೇರಿಸಿ. ಸೋಡಿಯಂ ಅಯಾನಿನಲ್ಲಿ 10, ಕ್ಲೋರೈಡ್ ಅಯಾನಿನಲ್ಲಿ 18.

ಮೂರನೆಯ ಹೆಜ್ಜೆಯಲ್ಲಿ ಹೆಚ್ಚು ಮಂದಿ ಎಡವುತ್ತಾರೆ. ಋಣ ಎಂದ ಕೂಡಲೇ ಕೈ ತಾನಾಗಿ ಕಳೆಯುತ್ತದೆ. ಎಲೆಕ್ಟ್ರಾನೇ ಋಣ ಆವೇಶದ್ದು ಎಂಬುದು ನೆನಪಿದ್ದರೆ ಸಾಕು.

ಎರಡನೆಯ ಹೆಜ್ಜೆಯಲ್ಲೂ ಒಂದು ಗುಂಡಿ ಇದೆ. ಕೋಷ್ಟಕ ನೋಡಿ ಕ್ಲೋರಿನ್‌ಗೆ 35.45ರಲ್ಲಿ 17 ಕಳೆದು ‘18.45 ನ್ಯೂಟ್ರಾನ್’ ಎಂದು ಬರೆದವರಿದ್ದಾರೆ. ಅರ್ಧಂಬರ್ಧ ನ್ಯೂಟ್ರಾನ್ ಎಂಬುದಿಲ್ಲ. ನಿಸರ್ಗದ ಕ್ಲೋರಿನ್‌ನಲ್ಲಿ ಎರಡು ಬಗೆಯ ಪರಮಾಣುಗಳು ಬೆರೆತಿವೆ: ರಾಶಿ 34.969 ಇರುವುದು ಶೇ. 75.76, ರಾಶಿ 36.966 ಇರುವುದು ಶೇ. 24.24. ಇವೇ ಸಮಸ್ಥಾನಿಗಳು. ಲೆಕ್ಕ ಮಾಡಿ ನೋಡಿ: 34.969 × 0.7576 = 26.49, 36.966 × 0.2424 = 8.96, ಕೂಡಿದರೆ 35.45. ಕೋಷ್ಟಕದ ಅಂಕಿ ಆ ಮಿಶ್ರಣದ ಸರಾಸರಿ, 35.45 ರಾಶಿಯ ಕ್ಲೋರಿನ್ ಪರಮಾಣು ಎಲ್ಲೂ ಸಿಗುವುದಿಲ್ಲ. ಕಾರ್ಬನ್ ಸರಿಯಾಗಿ 12 ಆಗದೆ 12.011 ಆಗಿರುವುದೂ, ಅದರಲ್ಲಿ ನೂರಕ್ಕೆ ಒಂದರಷ್ಟು ಕಾರ್ಬನ್-13 ಸೇರಿರುವುದರಿಂದಲೇ.

ಕೋಷ್ಟಕವನ್ನು ಬಾಯಿಪಾಠ ಮಾಡಬೇಡಿ, ಓದಿ

118 ಚೌಕ, 7 ಅಡ್ಡಸಾಲು, 18 ಕಂಬಸಾಲು. ಅಡ್ಡಸಾಲಿಗೆ ಆವರ್ತ, ಕಂಬಸಾಲಿಗೆ ಗುಂಪು ಎನ್ನುತ್ತಾರೆ. ಒಂದು ಚೌಕದಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆ ಇರುತ್ತವೆ. ಒಂದು ಮೇಲೆ, ಇನ್ನೊಂದು ಕೆಳಗೆ ಎಂದು ನೆನಪಿಟ್ಟುಕೊಂಡರೆ ಮೋಸಹೋಗುತ್ತೀರಿ, ಏಕೆಂದರೆ ಒಂದೊಂದು ಗೋಡೆ ಚಿತ್ರದಲ್ಲಿ ಒಂದೊಂದು ರೀತಿ ಅಚ್ಚು ಹಾಕಿರುತ್ತಾರೆ. ಪೂರ್ಣಾಂಕ ಯಾವುದೋ ಅದು ಪರಮಾಣು ಸಂಖ್ಯೆ, ದಶಮಾಂಶ ಇರುವುದು ಪರಮಾಣು ರಾಶಿ. ಸ್ಥಿರ ಸಮಸ್ಥಾನಿಯೇ ಇಲ್ಲದ ಕೆಲವು ವಿಕಿರಣಶೀಲ ಧಾತುಗಳಿಗೆ ರಾಶಿಯನ್ನು ಆವರಣದೊಳಗೆ ಪೂರ್ಣಾಂಕವಾಗಿ ಕೊಟ್ಟಿರುತ್ತಾರೆ, ಅಷ್ಟೇ ವ್ಯತ್ಯಾಸ.

ಗುಂಪು ನೋಡಿ ಹೊರಕವಚದ ಎಲೆಕ್ಟ್ರಾನ್ ಹೇಳಬಹುದು: 1 ಮತ್ತು 2ನೇ ಗುಂಪಿಗೆ ಗುಂಪಿನ ಸಂಖ್ಯೆಯೇ, 13ರಿಂದ 18ಕ್ಕೆ ಅದರಲ್ಲಿ 10 ಕಳೆದದ್ದು. ಹೀಲಿಯಂ ಮಾತ್ರ 18ನೇ ಗುಂಪಿನಲ್ಲಿ ಕೂತೂ ಎರಡೇ ಎಲೆಕ್ಟ್ರಾನಿನ ಒಡೆಯ. ಆವರ್ತದ ಸಂಖ್ಯೆ ಎಂದರೆ ಎಷ್ಟು ಕವಚಗಳಿವೆ ಎಂಬುದು. ಇಲ್ಲಿಂದ ಸಂಯುಕ್ತದ ಸೂತ್ರಕ್ಕೆ ಎರಡೇ ಹೆಜ್ಜೆ. ಅಲ್ಯುಮಿನಿಯಂ 13ನೇ ಗುಂಪು, ಸಂಯೋಜಕತೆ (ಸಂಯುಕ್ತವಾಗುವಾಗ ಕೊಡುವ ಅಥವಾ ಪಡೆಯುವ ಎಲೆಕ್ಟ್ರಾನಿನ ಎಣಿಕೆ) 3. ಆಕ್ಸಿಜನ್ 16ನೇ ಗುಂಪು, ಹೊರಗೆ 6, ಹೊರಕವಚ ತುಂಬಲು ಬೇಕಾದ ಎಂಟಕ್ಕೆ ಕೊರತೆ 2. ಅಡ್ಡ ಬದಲಿಸಿ: 2 ಅಲ್ಯುಮಿನಿಯಂಗೆ 3 ಆಕ್ಸಿಜನ್. ಕ್ಯಾಲ್ಸಿಯಂ ಮತ್ತು ಆಕ್ಸಿಜನ್ ಎರಡಕ್ಕೂ 2 ಬಂದಾಗ ಭಾಗಿಸಿ ಒಂದಕ್ಕೊಂದು ಎಂದು ಬರೆಯುತ್ತೇವೆ.

ಈ ಭಾಗಿಸುವ ಅಭ್ಯಾಸವನ್ನು ಎಲ್ಲೆಂದರಲ್ಲಿ ಬಳಸಬೇಡಿ. ಅದು ಅಯಾನಿಕ ಸಂಯುಕ್ತಗಳ ನಿಯಮ. ಅಲ್ಲಿ ಬಿಡಿ ಅಣು ಎಂಬುದಿಲ್ಲ, ಅನುಪಾತ ಮಾತ್ರ ಇದೆ. ನಮ್ಮ ಆಕ್ಸಾಲಿಕ್ ಆಮ್ಲದ 2, 2, 4 ಅನ್ನು 1, 1, 2 ಎಂದು ಇಳಿಸಿದರೆ ಅದು ಬೇರೆಯೇ ಏನೋ ಆಗುತ್ತದೆ, ಏಕೆಂದರೆ ಅಣುವಿನಲ್ಲಿ ನಿಜಕ್ಕೂ ಎರಡೆರಡು ಕಾರ್ಬನ್ ಇವೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಗೆಯೇ. ಇನ್ನು ನಡುವಿನ ಲೋಹಗಳು, ಅಂದರೆ 3ರಿಂದ 12ರವರೆಗಿನ ಗುಂಪುಗಳು, ಈ ಎಂಟರ ಲೆಕ್ಕಕ್ಕೆ ಸಿಗುವುದಿಲ್ಲ. ಕಬ್ಬಿಣ ಒಮ್ಮೆ 2, ಒಮ್ಮೆ 3. ಅವನ್ನು ಹೆಸರಿನಲ್ಲಿ ಹೇಳಿದಂತೆ ತೆಗೆದುಕೊಳ್ಳಿ.

ಹೆಸರಿಗೂ ಸಂಕೇತಕ್ಕೂ ತಾಳೆಯಾಗದ ಹತ್ತಾರು ಧಾತುಗಳಿವೆ: ಸೋಡಿಯಂಗೆ ‘ಎನ್‌ಎ’ (ನೇಟ್ರಿಯಂ), ಪೊಟ್ಯಾಸಿಯಂಗೆ ‘ಕೆ’ (ಕೇಲಿಯಂ), ಕಬ್ಬಿಣಕ್ಕೆ ‘ಎಫ್‌ಇ’ (ಫೆರಮ್), ಚಿನ್ನಕ್ಕೆ ‘ಎಯು’ (ಆರಮ್), ಟಂಗ್‌ಸ್ಟನ್‌ಗೆ ‘ಡಬ್ಲ್ಯೂ’ (ವೊಲ್‌ಫ್ರಮ್). ಎರಡನೆಯ ಅಕ್ಷರ ಸಣ್ಣದಾಗಿಯೇ ಇರಬೇಕು. ಕೋಬಾಲ್ಟಿನ ‘ಸಿಓ’ ಸಂಕೇತದ ಎರಡನೆಯ ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದು ಕಾರ್ಬನ್ ಮಾನಾಕ್ಸೈಡ್ ಅನಿಲವಾಗುತ್ತದೆ.

ಕೋಷ್ಟಕಕ್ಕೂ ಅಳತೆಗೂ ಇರುವ ನಂಟನ್ನು ತೋರಿಸುವ ಪ್ರಸಂಗವೊಂದು ಗ್ಯಾಲಿಯಂನದು. 1869ರಲ್ಲಿ ರಷ್ಯಾದ ರಸಾಯನವಿಜ್ಞಾನಿ ಮೆಂಡಲೀವ್ ಕೋಷ್ಟಕ ಪ್ರಕಟಿಸಿದಾಗ ಖಾಲಿ ಜಾಗಗಳನ್ನು ಬಿಟ್ಟಿದ್ದ. ಆಮೇಲೆ ಅಲ್ಲಿ ಬರಬೇಕಾದವಕ್ಕೆ ಹೆಸರನ್ನೂ ಇಟ್ಟ: ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಹೌದು, ನಮ್ಮ ಸಂಸ್ಕೃತದ ‘ಏಕ’ವೇ, ಎರಡು ಮನೆ ಆಚೆಗಿದ್ದರೆ ‘ದ್ವಿ’ ಎಂದೂ ಬಳಸಿದ್ದಾನೆ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೊದ್ರಾಂ ಗ್ಯಾಲಿಯಂ (ಅದೇ ಏಕ-ಅಲ್ಯುಮಿನಿಯಂ) ಕಂಡುಹಿಡಿದು, ಸಾಂದ್ರತೆ 4.7 ಎಂದು ಅಳೆದ. ಆ ಲೋಹವನ್ನು ಕಣ್ಣಿನಿಂದಲೂ ಕಂಡಿರದ ಮೆಂಡಲೀವ್, ಅದು 5.9ರ ಸುಮಾರಿಗೆ ಇರಬೇಕು, ಮಾದರಿ ಇನ್ನಷ್ಟು ಶುದ್ಧವಾಗಬೇಕು ಎಂದ. ಶುದ್ಧಗೊಳಿಸಿ ಮತ್ತೆ ಅಳೆದಾಗ ಬಂದದ್ದು 5.9. (ಗ್ಯಾಲಿಯಂ 30 ಡಿಗ್ರಿಯೊಳಗೇ ಕರಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಕಪಾಟಿನೊಳಗೇ ನೀರಾದೀತು.)

ಆದರೂ ಅವನ ಕ್ರಮ ಪರಮಾಣು ರಾಶಿಯದಾಗಿತ್ತು, ಅದು ಕೆಲವೆಡೆ ಕೈಕೊಡುತ್ತದೆ. ಟೆಲ್ಲೂರಿಯಂ 127.60, ಅದರ ಮುಂದಿನ ಅಯೋಡಿನ್ 126.90. ಆರ್ಗಾನ್ 39.95, ಅದರ ಮುಂದಿನ ಪೊಟ್ಯಾಸಿಯಂ 39.10. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲಿ ಎಕ್ಸ್-ರೇ ಅಳತೆಗಳಿಂದ ಸರಿಯಾದ ಕ್ರಮ ಪರಮಾಣು ಸಂಖ್ಯೆಯದು ಎಂದು ತೋರಿಸಿದ ಮೇಲೆ ಈ ತೊಡಕು ಬಗೆಹರಿಯಿತು.

ಎಣಿಸಲಾಗದ್ದನ್ನು ತೂಗುವುದು

ಒಂದು ಮೂಟೆ ರಾಗಿಯಲ್ಲಿ ಎಷ್ಟು ಕಾಳಿವೆ ಎಂದು ಯಾರಾದರೂ ಕೇಳಿದರೆ ಕೂತು ಎಣಿಸುವುದಿಲ್ಲ. ಸಾವಿರ ಕಾಳು ಎಣಿಸಿ ತೂಗುತ್ತೇವೆ. ಅದು 3 ಗ್ರಾಂ ಬಂದರೆ, 3 ಕಿಲೋದಲ್ಲಿ ಹತ್ತು ಲಕ್ಷ ಕಾಳು. ಮೋಲ್ ಎಂಬುದು ಇಷ್ಟೇ. 6.02214076 × 10²³ ಕಣಗಳ ಒಂದು ಕಟ್ಟಿಗೆ ಒಂದು ಮೋಲ್. ಆವರ್ತಕ ಕೋಷ್ಟಕದ ರಾಶಿಯನ್ನು ಹಾಗೇ ಗ್ರಾಂನಲ್ಲಿ ತೂಗಿದರೆ ಒಂದು ಕಟ್ಟು ಪರಮಾಣು ಸಿಗುತ್ತದೆ: 12.011 ಗ್ರಾಂ ಕಾರ್ಬನ್‌ನಲ್ಲಿ ಎಷ್ಟೋ, 15.999 ಗ್ರಾಂ ಆಕ್ಸಿಜನ್‌ನಲ್ಲಿ ಅಷ್ಟೇ ಪರಮಾಣು.

2019ರ ಮೇ 20ರಿಂದ ಈ ಸಂಖ್ಯೆಯನ್ನು ಖಚಿತವಾಗಿ ನಿಗದಿ ಮಾಡಲಾಗಿದೆ. ಅದೇ ದಿನ ಕಿಲೋಗ್ರಾಂ ಕೂಡ ಪ್ಯಾರಿಸ್ ಬಳಿಯ ಪ್ಲಾಟಿನಂ-ಇರಿಡಿಯಂ ಉರುಳೆಯಿಂದ ಬಿಡುಗಡೆಯಾಗಿ ಪ್ಲಾಂಕ್ ಸ್ಥಿರಾಂಕಕ್ಕೆ ಕಟ್ಟುಬಿತ್ತು. ಆ ಉರುಳೆಯ 57ನೇ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಊರಿಗೊಂದು ಅಳತೆ ಕಂಡ ನಾಡಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಈಗ ಲೆಕ್ಕ:

ಹೈಡ್ರೋಜನ್: 6 × 1.008 = 6.048
ಕಾರ್ಬನ್: 2 × 12.011 = 24.022
ಆಕ್ಸಿಜನ್: 6 × 15.999 = 95.994
ಒಟ್ಟು: 126.064 ಗ್ರಾಂ, ಒಂದು ಮೋಲ್‌ಗೆ.

0.1 ಮೋಲಾರ್ ಎಂದರೆ ಒಂದು ಲೀಟರ್ ದ್ರಾವಣದಲ್ಲಿ 0.1 ಮೋಲ್. ನಮಗೆ ಬೇಕಾದ್ದು 250 ಮಿ.ಲೀ., ಅಂದರೆ 0.250 ಲೀಟರ್. 0.1 × 0.250 = 0.025 ಮೋಲ್. 0.025 × 126.064 = 3.1516 ಗ್ರಾಂ. ಆ ಅಂಕಿ ಇಲ್ಲಿಂದ ಬಂತು. ಅಷ್ಟು ಹರಳಿನಲ್ಲಿ ಸುಮಾರು 1.5 × 10²² ಅಣುಗಳು.

ಪ್ರತಿ ಸಾಲಿನಲ್ಲೂ ಮಾನವನ್ನು ಬರೆಯಿರಿ, ಬರೀ ಸಂಖ್ಯೆಯನ್ನಲ್ಲ. ಮಿ.ಲೀ. ಅನ್ನು ಲೀಟರಿಗೆ ಇಳಿಸದೆ ಗುಣಿಸಿದರೆ ಉತ್ತರ 3152 ಗ್ರಾಂ ಬರುತ್ತದೆ. ಮಾನ ಬರೆದಿದ್ದರೆ ಮೂರು ಕಿಲೋ ಹರಳು ತೂಗಲು ಹೊರಡುವ ಮುಂಚೆ ಕಣ್ಣಿಗೆ ಬೀಳುತ್ತದೆ.

ತೂಗುವುದು

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಕ್ಕಡಿ ಸರಿಯಾಗಿ 3.1516 ತೋರಿಸುವವರೆಗೆ ಒಂದೊಂದೇ ಹರಳು ಹಾಕುತ್ತ, ತೆಗೆಯುತ್ತ ಅರ್ಧ ಗಂಟೆ ಕಳೆಯುವುದು ವ್ಯರ್ಥ, ಜೊತೆಗೆ ಅಪಾಯ: ಹೊರತೆಗೆದ ಹರಳನ್ನು ಬಾಟಲಿಗೆ ಮತ್ತೆ ಹಾಕುವುದರಿಂದ ಇಡೀ ಬಾಟಲಿ ಕೆಡುತ್ತದೆ. 3.1ರಿಂದ 3.2ರೊಳಗೆ ಎಷ್ಟಾದರೂ ತೂಗಿ, ಬಂದದ್ದನ್ನು ಬಂದ ಹಾಗೆ ಬರೆದು, ನಿಜವಾದ ಪ್ರಬಲತೆಯನ್ನು ಲೆಕ್ಕ ಹಾಕಿ.

1. ತಕ್ಕಡಿ ಮಟ್ಟವಾಗಿದೆಯೇ ಎಂದು ತೋರಿಸುವ ಗುಳ್ಳೆ ವೃತ್ತದ ನಡುವೆ ಇದೆಯೇ ನೋಡಿ. ಮೇಲಿನ ಫ್ಯಾನ್ ಆರಿಸಿ, ಗಾಜಿನ ಬಾಗಿಲು ಮುಚ್ಚಿ.
2. ಸ್ಪ್ಯಾಟುಲಾದಿಂದ ಸುಮಾರು ಮೂರೂಕಾಲು ಗ್ರಾಂ ಹರಳನ್ನು ಒಣ ತೂಕದ ಬಾಟಲಿಗೆ ಹಾಕಿ ತೂಗಿ. ಉದಾಹರಣೆಗೆ 18.427 ಗ್ರಾಂ.
3. ಹರಳನ್ನು 100 ಮಿ.ಲೀ. ಬೀಕರಿಗೆ ಮೆಲ್ಲಗೆ ಸುರಿಯಿರಿ. ಬಾಟಲಿಗೆ ಅಂಟಿಕೊಂಡ ಪುಡಿಯನ್ನು ಕೆರೆಯಲು ಹೋಗಬೇಡಿ.
4. ಬಾಟಲಿಯನ್ನು ಮತ್ತೆ ತೂಗಿ. 15.265 ಗ್ರಾಂ. ವ್ಯತ್ಯಾಸ 3.162 ಗ್ರಾಂ, ಬೀಕರಿಗೆ ಹೋದದ್ದು ಇಷ್ಟೇ, ಅಂಟಿಕೊಂಡದ್ದು ಲೆಕ್ಕದಿಂದ ತಾನೇ ಹೊರಗುಳಿಯಿತು.

ಬಿಸಿ ಪಾತ್ರೆಯನ್ನು ತಕ್ಕಡಿಯ ಮೇಲಿಡಬೇಡಿ. ಅದರ ಸುತ್ತ ಗಾಳಿ ಕಾದು ಮೇಲೇರುವುದರಿಂದ ತೂಕ ಕಡಿಮೆ ತೋರುತ್ತದೆ, ಅಂಕಿ ನಿಲ್ಲದೆ ಓಡುತ್ತಿರುತ್ತದೆ. ನಿಮ್ಮ ಕಾಲೇಜಿನ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸಿದರೆ, 3.16ರಲ್ಲಿ 0.01 ಎಂದರೆ ಶೇ. 0.3ರಷ್ಟು ಅನುಮಾನ, ಅದಕ್ಕಿಂತ ನಿಖರವಾದ ಉತ್ತರವನ್ನು ಕೊನೆಯಲ್ಲಿ ಹೇಳುವ ಹಕ್ಕು ಇಲ್ಲ.

ಈಗ ಪ್ರಬಲತೆ: 3.162 ÷ 126.064 ÷ 0.250 = 0.1003 ಮೋಲಾರ್. ಚೀಟಿಯಲ್ಲಿ ಶುದ್ಧತೆ ಶೇ. 99.5 ಎಂದಿದ್ದರೆ ಅದರಿಂದಲೂ ಗುಣಿಸಿ: 0.0998.

ಕರಗಿಸಿ, ಗುರುತಿಗೆ ತರುವುದು

ಬೀಕರಿಗೆ ಸುಮಾರು 80 ಮಿ.ಲೀ. ಬಟ್ಟಿ ಇಳಿಸಿದ ನೀರು ಹಾಕಿ ಗಾಜಿನ ಕಡ್ಡಿಯಿಂದ ಕಲಕಿ. ಇಷ್ಟು ನೀರಿನಲ್ಲಿ ಕೋಣೆಯ ಉಷ್ಣತೆಯಲ್ಲೇ ಕರಗುತ್ತದೆ, ತುಸು ತಾಳ್ಮೆ ಬೇಕು. ತಾಳ್ಮೆ ಇಲ್ಲದೆ ಕಾಯಿಸಿದರೆ, ಪೂರ್ತಿ ಆರಿಸಿಯೇ ಮುಂದುವರಿಯಿರಿ. 60 ಡಿಗ್ರಿಯ ದ್ರಾವಣವನ್ನು 250 ಮಿ.ಲೀ. ಗುರುತಿಗೆ ತಂದರೆ, 27 ಡಿಗ್ರಿಗೆ ಆರಿದಾಗ ಅದು ಮೂರು ಮಿ.ಲೀ.ಗೂ ಹೆಚ್ಚು ಕುಗ್ಗಿರುತ್ತದೆ, ಪ್ರಬಲತೆ ಶೇ. 1ಕ್ಕಿಂತ ಹೆಚ್ಚು ಏರುತ್ತದೆ. ಯಾವ ಉಷ್ಣತೆಗೆ ಗುರುತು ಹಾಕಿದ್ದಾರೆಂದು ಸ್ಟಾಂಡರ್ಡ್ ಫ್ಲಾಸ್ಕಿನ (ಕುತ್ತಿಗೆಯಲ್ಲಿ ಒಂದೇ ಗುರುತಿರುವ ಅಳತೆಯ ಗಾಜಿನ ಪಾತ್ರೆ) ಮೈಮೇಲೆಯೇ ಬರೆದಿರುತ್ತದೆ, 20 ಅಥವಾ 27 ಡಿಗ್ರಿ.

ದ್ರಾವಣವನ್ನು ಲಾಳಿಕೆಯ ಮೂಲಕ, ಕಡ್ಡಿಗೆ ತಾಗಿಸಿ, 250 ಮಿ.ಲೀ. ಸ್ಟಾಂಡರ್ಡ್ ಫ್ಲಾಸ್ಕಿಗೆ ಸುರಿಯಿರಿ. ಬೀಕರು, ಕಡ್ಡಿ, ಲಾಳಿಕೆ ಮೂರನ್ನೂ ವಾಷ್ ಬಾಟಲಿಯಿಂದ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ನೀರಿನಲ್ಲಿ ತೊಳೆದು, ಆ ತೊಳೆದ ನೀರನ್ನೂ ಫ್ಲಾಸ್ಕಿಗೇ ಹಾಕಿ. ಒಂದೇ ಸಲ ಹೆಚ್ಚು ನೀರಲ್ಲಿ ತೊಳೆಯುವುದಕ್ಕಿಂತ ಇದು ಮೇಲು. ಫ್ಲಾಸ್ಕ್ ಮುಕ್ಕಾಲು ತುಂಬಿದಾಗ ಒಮ್ಮೆ ಅಲ್ಲಾಡಿಸಿ. ಕುತ್ತಿಗೆಯ ಗುರುತಿಗೆ ಒಂದು ಬೆರಳು ಕೆಳಗೆ ಬಂದಾಗ ವಾಷ್ ಬಾಟಲಿ ಬಿಟ್ಟು ಡ್ರಾಪರ್ ಹಿಡಿಯಿರಿ. ನೀರಿನ ಮೇಲ್ಮೈ ಬಟ್ಟಲಿನಂತೆ ತಗ್ಗಾಗಿರುತ್ತದೆ. ಆ ತಗ್ಗಿನ ತಳ ಗುರುತಿನ ಗೆರೆಗೆ ತಾಗಬೇಕು, ಕಣ್ಣು ಅದೇ ಮಟ್ಟದಲ್ಲಿರಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಮಟ್ಟ ಇನ್ನೂ ಕೆಳಗಿರುವಾಗಲೇ ಗೆರೆ ಮುಟ್ಟಿದಂತೆ ಕಾಣುತ್ತದೆ, ನೀರು ಕಡಿಮೆ ಬೀಳುತ್ತದೆ.

ಗುರುತು ದಾಟಿತೇ? ಹೆಚ್ಚಾದದ್ದನ್ನು ಪಿಪೆಟ್‌ನಿಂದ (ನಿಗದಿತ ಗಾತ್ರ ಎಳೆದುಕೊಳ್ಳುವ ಗಾಜಿನ ಕೊಳವೆ) ತೆಗೆದು ಸರಿಮಾಡಲು ಹೋಗಬೇಡಿ, ನೀರಿನ ಜೊತೆ ಆಮ್ಲವೂ ಹೋಗುತ್ತದೆ. ಚೆಲ್ಲಿ ಮತ್ತೆ ತೂಗಿ. ಸರಿಬಂದರೆ ಬಿರಡೆ ಹಾಕಿ, ಬೆರಳಿನಿಂದ ಒತ್ತಿಹಿಡಿದು ಹದಿನೈದು ಇಪ್ಪತ್ತು ಬಾರಿ ತಲೆಕೆಳಗು ಮಾಡಿ. ಬರೀ ಕುಲುಕಿದರೆ ಕುತ್ತಿಗೆಯ ನೀರು ಕೆಳಗಿನದರೊಂದಿಗೆ ಬೆರೆಯುವುದಿಲ್ಲ. ಬೆರೆಸಿದ ಮೇಲೆ ಮಟ್ಟ ಗುರುತಿಗಿಂತ ತುಸು ಇಳಿದಂತೆ ಕಂಡರೆ ಗಾಬರಿಯಾಗಿ ನೀರು ಸೇರಿಸಬೇಡಿ. ಅದು ಗಾಜಿಗೆ, ಬಿರಡೆಗೆ ಅಂಟಿಕೊಂಡ ದ್ರಾವಣ.

ಯಾವುದನ್ನು ಯಾವುದರಿಂದ ತೊಳೆಯಬೇಕು

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನೇ ಕೇಳುವುದು, ಇದನ್ನೇ ತಪ್ಪು ಹೇಳುವುದು. ಕಾರಣ ತಿಳಿದರೆ ಮರೆಯಲಾಗದು.

ಸ್ಟಾಂಡರ್ಡ್ ಫ್ಲಾಸ್ಕಿಗೆ ನೀರು ಸಾಕು. ಹೇಗೂ ನೀರನ್ನೇ ತುಂಬುತ್ತೇವೆ, ಒಳಗೆ ಹಸಿ ಇದ್ದರೆ ನಷ್ಟವಿಲ್ಲ. ಬ್ಯುರೆಟ್ ಮತ್ತು ಪಿಪೆಟ್‌ಗಳನ್ನು ನೀರಿನ ನಂತರ ಆಯಾ ದ್ರಾವಣದಿಂದಲೇ ಎರಡು ಬಾರಿ ತೊಳೆದು ಚೆಲ್ಲಬೇಕು, ಇಲ್ಲದಿದ್ದರೆ ಒಳಗಿನ ನೀರು ದ್ರಾವಣವನ್ನು ತೆಳುಮಾಡುತ್ತದೆ. ಕೋನಿಕಲ್ ಫ್ಲಾಸ್ಕನ್ನು (ಎರಡು ದ್ರಾವಣಗಳನ್ನು ಬೆರೆಸುವ ಪಾತ್ರೆ) ಮಾತ್ರ ದ್ರಾವಣದಿಂದ ತೊಳೆಯಲೇಬಾರದು, ನೀರಿನಿಂದ ಮಾತ್ರ. ಅದರಲ್ಲಿ ನಮಗೆ ಬೇಕಾದ್ದು ಪ್ರಬಲತೆಯಲ್ಲ, ಅಣುಗಳ ಸಂಖ್ಯೆ. ಪಿಪೆಟ್ ಅಳೆದು ಹಾಕಿದ ಮೇಲೆ ನೀವು ಲೋಟ ನೀರು ಸುರಿದರೂ ಆ ಸಂಖ್ಯೆ ಬದಲಾಗದು. ಗೋಡೆಗೆ ಮೊದಲೇ ಅಂಟಿದ ಎರಡು ಹನಿ ಆಮ್ಲ ಅದನ್ನು ಬದಲಿಸುತ್ತದೆ.

ಟೈಟ್ರೇಷನ್

ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯಿಂದ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಬಿಲ್ಲೆಗಳನ್ನು ಎಷ್ಟೇ ನಿಖರವಾಗಿ ತೂಗಿದರೂ ಅದರಲ್ಲಿ ನಿಜವಾದ ಹೈಡ್ರಾಕ್ಸೈಡ್ ಎಷ್ಟು ಎಂದು ಹೇಳಲಾಗದು. ಆಕ್ಸಾಲಿಕ್ ಆಮ್ಲ ಶುದ್ಧವಾಗಿ ಸಿಗುತ್ತದೆ, ತೂಕದಲ್ಲಿ ನಂಬಬಹುದು. ಅದನ್ನೇ ಒರೆಗಲ್ಲಾಗಿ ಬಳಸುವುದು ಈ ಕಾರಣಕ್ಕೆ. ಪ್ರಬಲತೆ ಗೊತ್ತಿರುವ ದ್ರಾವಣಕ್ಕೆ ಗೊತ್ತಿಲ್ಲದ್ದನ್ನು ಅಳೆದು ಬಿಡುತ್ತ, ಎರಡೂ ಸರಿಹೊಂದುವ ಗಾತ್ರ ಕಂಡುಹಿಡಿಯುವುದೇ ಟೈಟ್ರೇಷನ್.

ಬ್ಯುರೆಟ್‌ಗೆ ಹೈಡ್ರಾಕ್ಸೈಡ್ ತುಂಬಿ, ಲಾಳಿಕೆ ತೆಗೆದಿಡಿ. ಬಿಟ್ಟರೆ ನಡುವೆ ಹನಿ ಬೀಳುತ್ತದೆ. ನಲ್ಲಿಯ ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ನಲ್ಲಿಯನ್ನು ಒಮ್ಮೆಗೇ ಪೂರ್ತಿ ತೆರೆದು ಓಡಿಸಿ. ಟೈಟ್ರೇಷನ್ ನಡುವೆ ಅದು ಹೊರಬಿದ್ದರೆ ಅಷ್ಟು ಗಾತ್ರ ಸುಳ್ಳೇ ಲೆಕ್ಕಕ್ಕೆ ಸೇರುತ್ತದೆ. 10 ಮಿ.ಲೀ. ಆಮ್ಲವನ್ನು ಪಿಪೆಟ್‌ನಿಂದ ಕೋನಿಕಲ್ ಫ್ಲಾಸ್ಕಿಗೆ ಹಾಕಿ. ಬಾಯಿಂದ ಎಳೆಯಬೇಡಿ, ರಬ್ಬರ್ ಬಲ್ಬ್ ಬಳಸಿ. ಕೊನೆಯ ಹನಿ ತುದಿಯಲ್ಲೇ ಉಳಿಯುತ್ತದೆ; ತುದಿಯನ್ನು ಗೋಡೆಗೆ ತಾಗಿಸಿ ಸುಮಾರು ಹದಿನೈದು ಸೆಕೆಂಡು ಹಿಡಿಯಿರಿ, ಊದಬೇಡಿ. ಆ ಹನಿಯನ್ನು ಬಿಟ್ಟೇ ಪಿಪೆಟ್‌ಗೆ ಗುರುತು ಹಾಕಿರುತ್ತಾರೆ.

ಆಮ್ಲ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಸೂಚಕ ಫಿನಾಲ್ಫ್ಥಲೀನ್ ಎರಡೇ ಹನಿ. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ ಇಟ್ಟು, ಎಡಗೈಯಲ್ಲಿ ನಲ್ಲಿ, ಬಲಗೈಯಲ್ಲಿ ಫ್ಲಾಸ್ಕ್ ಹಿಡಿದು ತಿರುಗಿಸುತ್ತ ಹೋಗಿ. ಮೊದಲ ಸಲ ಒಂದೊಂದು ಮಿ.ಲೀ. ಬಿಟ್ಟು ಸುಮಾರು ಎಲ್ಲಿ ಬಣ್ಣ ಬರುತ್ತದೆ ನೋಡಿಕೊಳ್ಳಿ. ಆಮೇಲಿನ ಸಲಗಳಲ್ಲಿ ಆ ಜಾಗಕ್ಕೆ ಒಂದು ಮಿ.ಲೀ. ಇರುವಾಗ ಹನಿ ಹನಿಯಾಗಿ. ಒಂದು ಹನಿ ಹೆಚ್ಚುಕಡಿಮೆ 0.05 ಮಿ.ಲೀ. ಅರ್ಧ ನಿಮಿಷ ನಿಲ್ಲುವ ತಿಳಿ ಗುಲಾಬಿಯೇ ಕೊನೆ. ಅದಾದ ಮೇಲೆ ಬಣ್ಣ ಮಾಸಿದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಮಾಡಿದ ಕೆಲಸ, ಮತ್ತೆ ಹನಿ ಹಾಕಬೇಡಿ. ದಾಸವಾಳದಂಥ ಗಾಢ ಬಣ್ಣ ಬಂದಿದ್ದರೆ ದಾಟಿದ್ದೀರಿ, ಆ ಓದನ್ನು ಬಿಟ್ಟುಬಿಡಿ.

0.1 ಮಿ.ಲೀ. ಒಳಗೆ ಹೊಂದುವ ಮೂರು ಓದು ಸಿಗುವವರೆಗೆ ಮುಂದುವರಿಸಿ. 19.6, 19.6, 19.6 ಬಂತು ಎನ್ನೋಣ. ಒಂದು ಆಕ್ಸಾಲಿಕ್ ಆಮ್ಲದ ಅಣು ಎರಡು ಹೈಡ್ರೋಜನ್ ಬಿಟ್ಟುಕೊಡಬಲ್ಲದು, ಅದಕ್ಕೆ ಎರಡು ಹೈಡ್ರಾಕ್ಸೈಡ್ ಬೇಕು. ಹೀಗಾಗಿ:

ಹೈಡ್ರಾಕ್ಸೈಡ್‌ನ ಪ್ರಬಲತೆ = 2 × 0.1003 × 10.0 ÷ 19.6 = 0.102 ಮೋಲಾರ್.

ಆ 2 ಮರೆತರೆ ಉತ್ತರ ಸರಿಯಾಗಿ ಅರ್ಧವಾಗುತ್ತದೆ. ಉತ್ತರ ಅರ್ಧವೋ ಎರಡರಷ್ಟೋ ಬಂದಾಗ ತಕ್ಕಡಿಯನ್ನು ಬೈಯುವ ಮೊದಲು ಇದನ್ನು ನೋಡಿ.

ಎಷ್ಟು ಅಂಕಿ ಬರೆಯಬೇಕು

ಕ್ಯಾಲ್ಕುಲೇಟರ್ 0.1023469388 ತೋರಿಸುತ್ತದೆ. ಬ್ಯುರೆಟ್‌ನಲ್ಲಿ ನೀವು ಓದಿದ್ದು 19.6, ಮೂರು ಅಂಕಿ. ಗುಣಾಕಾರ ಭಾಗಾಕಾರದಲ್ಲಿ ಅತಿ ಕಡಿಮೆ ಅಂಕಿಯ ಅಳತೆ ಎಷ್ಟು ಹೇಳುತ್ತದೋ ಉತ್ತರವೂ ಅಷ್ಟೇ ಹೇಳಬೇಕು: 0.102. ಸೂತ್ರದಲ್ಲಿರುವ 2 ಎಣಿಕೆಯದು, ಅಳತೆಯದಲ್ಲ. ಅದಕ್ಕೆ ಈ ಮಿತಿ ಇಲ್ಲ. ಕೂಡುವ ಕಳೆಯುವ ಲೆಕ್ಕದಲ್ಲಿ ದಶಮಾಂಶದ ಸ್ಥಾನ ನೋಡಬೇಕು, ಅಂಕಿಗಳ ಸಂಖ್ಯೆಯನ್ನಲ್ಲ. 18.427ರಲ್ಲಿ 15.265 ಕಳೆದಾಗ ಐದೈದು ಅಂಕಿಗಳಿಂದ ಬಂದದ್ದು 3.162, ನಾಲ್ಕೇ ಅಂಕಿ.

ಮುಂದಿರುವ ಸೊನ್ನೆಗಳು ಲೆಕ್ಕಕ್ಕಿಲ್ಲ, ದಶಮಾಂಶದ ನಂತರ ಕೊನೆಗಿರುವ ಸೊನ್ನೆ ಲೆಕ್ಕಕ್ಕಿದೆ. 0.0250ರಲ್ಲಿ ಮೂರು ಅಂಕಿ. ಅದಕ್ಕೇ ಬ್ಯುರೆಟ್ ಓದನ್ನು 20 ಎಂದು ಬರೆಯದೆ 20.0 ಎಂದು ಬರೆಯಬೇಕು.

ಮೂರು ಓದು ಒಂದೇ ಬಂದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ ಎಂಬುದೂ ಗೊತ್ತಿರಲಿ. ಪುಡಿಯಾದ ಹರಳು ತೂಗಿದವರಿಗೂ ಮೂರು ಓದು ಚೆನ್ನಾಗಿಯೇ ಹೊಂದುತ್ತವೆ. ಒಂದಕ್ಕೊಂದು ಹೊಂದುವುದು ಪ್ರಿಸಿಷನ್, ನಿಜಕ್ಕೆ ಹೊಂದುವುದು ಅಕ್ಯುರೆಸಿ. ಮೊದಲನೆಯದನ್ನು ಬ್ಯುರೆಟ್ ತೋರಿಸಿಕೊಡುತ್ತದೆ. ಎರಡನೆಯದಕ್ಕೆ ಮತ್ತೆ ಬಾಟಲಿಯ ಚೀಟಿಗೇ ಹೋಗಬೇಕು.

ಕೆಲಸ ಮುಗಿದ ಕೂಡಲೇ ಬ್ಯುರೆಟ್‌ನಿಂದ ಹೈಡ್ರಾಕ್ಸೈಡ್ ಚೆಲ್ಲಿ, ಮೂರು ಬಾರಿ ನೀರಿನಲ್ಲಿ ತೊಳೆದು, ನಲ್ಲಿ ತೆರೆದು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿ. ರಾತ್ರಿಯಿಡೀ ಹಾಗೇ ಬಿಟ್ಟರೆ ಗಾಜಿನ ನಲ್ಲಿ ಕಚ್ಚಿಕೊಂಡು ಮರುದಿನ ತಿರುಗುವುದಿಲ್ಲ. ಉಳಿದ ಆಮ್ಲದ ದ್ರಾವಣಕ್ಕೆ ಹೆಸರು, 0.1003 ಮೋಲಾರ್, ತಯಾರಿಸಿದ ದಿನಾಂಕ ಬರೆದ ಚೀಟಿ ಅಂಟಿಸಿ.